ತಮ್ಮ ಹೋದ, ತಮ್ಮ ಬಂದ

ಬಟ್ಟೆ ಒಗೆಯುವ ಯಂತ್ರದ ರಿಪೇರಿಯವನು ಬಚ್ಚಲಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ, ನಳಿಕೆಯಿಂದ ಬೂದುಬಣ್ಣದ ಲೋಳೆಯನ್ನೂ ಕೂದಲಿನ ಗಂಟುಗಳನ್ನೂ ಒಂದು ಕಾಲುಚೀಲವನ್ನೂ ಎಳೆದು ಹಾಕಿದ. ಆಮೇಲೆ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಾಳಾದ ಭಾಗದ ನಂಬರು ಹುಡುಕಬೇಕು, ಒಳಗೆ ಸಿಗ್ನಲ್ ಸಿಗುತ್ತಿಲ್ಲ, ವೈ-ಫೈ ಇದ್ದರೆ ಕೊಡ್ತೀರಾ ಎಂದು ಕೇಳಿದ.

ಭಾವ ಓದುತ್ತಿದ್ದ ಪತ್ರಿಕೆ ಮಡಚಿಟ್ಟ. "ಒತ್ಕೊಳ್ಳಿ. ಹೆಸರು ತಮ್ಮ. ಪಾಸ್‌ವರ್ಡೂ ತಮ್ಮಾನೇ, ಎಲ್ಲ ಸಣ್ಣಕ್ಷರ. ಅದರ ಮುಂದೆ ಒಂದು ತಾರೀಖು." ತಾರೀಖನ್ನು ಅಂಕಿ ಅಂಕಿಯಾಗಿ ಬಿಡಿಸಿ ಹೇಳಿದ.

"ಮಗೂದು ಬರ್ತ್‌ಡೇನಾ ಸಾರ್?"

"ಅಲ್ಲ. ನನ್ನ ತಮ್ಮ. ಹೋದ ದಿನ."

ರಿಪೇರಿಯವನು ಲೊಚಗುಟ್ಟಿದ. ಒಂದು ಗಳಿಗೆ ಮುಖ ತಗ್ಗಿಸಿದ. ಮತ್ತೆ ಆ ಲೋಳೆಬೆರಳಿನಿಂದಲೇ ಕೊನೆಯ ಎರಡು ಅಂಕಿ ಒತ್ತಿ, ಬಂತು ಸಾರ್ ಎಂದ.

ಮೆಟ್ಟಿಲ ಮೇಲೆ ನಿಂತಿದ್ದ ಚಿಕ್ಕ ಸೊಸೆಗೆ ಈ ಲೊಚಗುಟ್ಟುವಿಕೆ ಹೊಸದಲ್ಲ. ಗಂಡ ಹೋಗಿ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ನೀರಿನ ಫಿಲ್ಟರಿನವನು, ಬಣ್ಣ ಬಳಿಯುವವರು, ಓರಗಿತ್ತಿಯ ತವರಿನ ಹಿಂಡು, ಭಾವನ ಬ್ಯಾಟರಿ ಅಂಗಡಿಗೆ ಮಾಲು ಕೊಡುವ ಏಜೆಂಟರು, ಎಲ್ಲರೂ ಹೀಗೇ ಲೊಚಗುಟ್ಟಿ, ಮುಖ ತಗ್ಗಿಸಿ, ಅವನು ಸತ್ತ ದಿನವನ್ನು ಒತ್ತಿ, ಒಳಗೆ ಬಂದು, ವಿಡಿಯೊ ನೋಡಿಕೊಂಡು ನಕ್ಕಿದ್ದರು.

ಭಾವ ಈ ಹೆಸರನ್ನು ಇಟ್ಟದ್ದು ಹದಿನೈದನೇ ದಿನ. ಮನೆಯಲ್ಲಿ ಅವಳ ಗಂಡನನ್ನು ಎಲ್ಲರೂ ತಮ್ಮ ಎಂದೇ ಕರೆಯುತ್ತಿದ್ದರು. ಅಣ್ಣ ಕರೆದದ್ದು ಅಮ್ಮನ ಬಾಯಿಗೂ ಬಂದು, ಹಾಗೇ ಉಳಿದುಬಿಟ್ಟಿತ್ತು. ಅವತ್ತು ಭಾವ ಕಣ್ಣೊರೆಸಿಕೊಳ್ಳುತ್ತ ರೂಟರಿನ ಹೆಸರು ಬದಲಿಸಿ, ಇನ್ನು ಈ ಮನೆಯಲ್ಲಿ ಅವನು ಇಪ್ಪತ್ತನಾಲ್ಕು ಗಂಟೆ ಇರ್ತಾನೆ ಎಂದಿದ್ದ. ಆ ದಿನ ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ದುಃಖ ಮತ್ತೆರಡು ವಾರಕ್ಕೆ ತೆಳುವಾಯಿತು, ಹೆಸರು ಉಳಿಯಿತು. ಕರೆಂಟ್ ಹೋದರೆ ಓರಗಿತ್ತಿ ಅಡುಗೆಮನೆಯಿಂದ "ರೀ, ತಮ್ಮ ಹೋದ" ಎನ್ನುತ್ತಿದ್ದಳು. ಕರೆಂಟ್ ಬಂದರೆ "ತಮ್ಮ ಬಂದ್ನಾ ನೋಡಿ." ಧಾರಾವಾಹಿ ತಡವರಿಸಿದರೆ ತಮ್ಮ ಯಾಕೋ ಸ್ಲೋ ಆಗಿದಾನೆ. ಏನೂ ನಡೆಯದಿದ್ದರೆ ತಮ್ಮನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಯಾರಿಗೂ ಅದು ಕೇಳಿಸುತ್ತಲೇ ಇರಲಿಲ್ಲ. ಅವಳಿಗೆ ಮಾತ್ರ ಪ್ರತಿ ಸಲವೂ ಕೇಳಿಸುತ್ತಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ. ಅವಳು ಆ ವೈ-ಫೈಯನ್ನು "ಅದು" ಎನ್ನುತ್ತಿದ್ದಳು. ಗಂಡನ ಹೆಸರನ್ನಂತೂ ಬಾಯಲ್ಲಿ ತರುವುದನ್ನೇ ಬಿಟ್ಟಿದ್ದಳು.

ಅವಳ ಪಾಲಿಗೆ ಮನೆಯಲ್ಲಿ ಒಂದು ಬಾಗಿಲಿತ್ತು. ಮಹಡಿಯ ಕೋಣೆಯ ಬಾಗಿಲು. ಆಸ್ಪತ್ರೆಯೊಂದರ ವೈದ್ಯರು ಧ್ವನಿಮುದ್ರಿಸಿ ಕಳಿಸುವ ಟಿಪ್ಪಣಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಕೆಲಸ. ಅದಕ್ಕೆ ಸದ್ದಿಲ್ಲದ ಜಾಗ ಬೇಕು ಎಂಬ ಕಾರಣಕ್ಕೆ ಆ ಕೋಣೆ ಅವಳಿಗೆ ಉಳಿದಿತ್ತು. ಭಾವ ಅದನ್ನು ಬಾಯಿಬಿಟ್ಟೇ ಹೇಳಿದ್ದ: ಕೆಲಸ ಇರೋ ತನಕ ರೂಮು ನಿಂದು, ಇಲ್ಲಾಂದ್ರೆ ನೀನು ಅಮ್ಮನ ಜೊತೆ ಮಲಗು, ಮಾಲು ಇಡೋಕೆ ನಂಗೆ ಜಾಗ ಸಾಲ್ತಿಲ್ಲ. ಹೇಳಿದ್ದಷ್ಟೇ ಅಲ್ಲ, ಬ್ಯಾಟರಿಯ ರಟ್ಟಿನ ಪೆಟ್ಟಿಗೆಗಳನ್ನು ತಂದು ಮೆಟ್ಟಿಲ ತುದಿಯಲ್ಲಿ, ಅವಳ ಬಾಗಿಲಿನ ಹೊಸ್ತಿಲಿಗೇ ತಾಗುವಂತೆ ಜೋಡಿಸಿದ್ದ. ಬಾಗಿಲು ತೆರೆದಾಗಲೆಲ್ಲ ಅವು ಸರದಿಯಲ್ಲಿ ನಿಂತ ನೆಂಟರಂತೆ ಕಾಣುತ್ತಿದ್ದವು.

ಆ ವಾರ ಆಸ್ಪತ್ರೆಯಿಂದ ಪತ್ರ ಬಂತು. ರೋಗಿಗಳ ವಿವರಗಳು ಇನ್ನು ಮುಂದೆ ಮನೆಮಂದಿಯ ಟಿವಿ, ಕ್ಯಾಮೆರಾ, ಬಂದುಹೋಗುವವರ ಫೋನುಗಳು ಇರುವ ನೆಟ್‌ವರ್ಕಿನಲ್ಲಿ ಓಡಾಡುವಂತಿಲ್ಲ. ಮನೆಯಿಂದ ಕೆಲಸ ಮಾಡುವವರು ಪ್ರತ್ಯೇಕ ವೈ-ಫೈ ಮಾಡಿಕೊಳ್ಳಬೇಕು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರ್ ವಿಭಾಗದವರು ಫೋನ್ ಮಾಡಿ ಪರೀಕ್ಷಿಸುತ್ತಾರೆ. ಆಗಿಲ್ಲದಿದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ಕೆಲಸ ಮುಗಿದರೆ ಬಾಗಿಲೂ ಹೋಯಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ಹೊಸ ಸಂಪರ್ಕ ಬೇಡ, ಇನ್ನೊಂದು ರೂಟರೂ ಬೇಡ. ಇರುವ ತಂತಿಯಲ್ಲೇ ಆಗುತ್ತದೆ. ತಂತಿಯೊಳಗೆ ಹೋಗಿಬರುವ ಮಾಹಿತಿಯ ಪ್ರತಿ ತುಣುಕಿಗೂ ಒಂದು ನಂಬರಿನ ಚೀಟಿ ಅಂಟುತ್ತದೆ. ಹತ್ತು ಎಂದಿದ್ದರೆ ಮನೆಯದು, ಇಪ್ಪತ್ತು ಎಂದಿದ್ದರೆ ಅವಳ ಕೆಲಸದ್ದು. ಒಂದರದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಇದಕ್ಕೆ ವಿ-ಲ್ಯಾನ್ ಅನ್ನುತ್ತಾರೆ.

"ಅಂದ್ರೆ ಬಚ್ಚಲು ಒಂದೇ, ಟವೆಲ್ಲು ಎರಡು" ಎಂದ ಭಾವ.

"ಹಾಗೇ ಅಂದ್ಕೊಳ್ಳಿ ಭಾವ."

"ನಮ್ಮ ಟವೆಲ್ಲಿಗೆ ಏನಾಗಿದೆ? ನಾವೇನು ಕಜ್ಜಿ ಹತ್ತಿದೋರಾ?"

ಓರಗಿತ್ತಿ ನಕ್ಕು ಕೆಮ್ಮಿದಳು. ಬಾಯೊಳಗಿನ ತುತ್ತು ಅರ್ಧ ಕಾಣಿಸಿತು. ಚಿಕ್ಕ ಸೊಸೆ ತಟ್ಟೆಯ ಅಂಚು ನೋಡಿದಳು. ಅಷ್ಟರಲ್ಲಿ ನೀರಿನ ಜಗ್ಗು ಹಿಡಿದು ಬಂದ ಅತ್ತೆ, ಏನು ಮಾತು ಎಂದು ಕೇಳಿದರು. ಓರಗಿತ್ತಿಗೆ ಯಾವುದನ್ನೂ ಉದ್ದ ಹೇಳಿ ಅಭ್ಯಾಸವಿಲ್ಲ. "ಏನಿಲ್ಲ ಅತ್ತೆ, ಅವಳು ಬೇರೆ ಮಾಡ್ಕೋತಾಳಂತೆ" ಎಂದುಬಿಟ್ಟಳು.

ಅತ್ತೆ ಜಗ್ಗು ಕೆಳಗಿಟ್ಟರು. ಊಟಕ್ಕೆ ಕೂರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ಪೆಟ್ಟಿಗೆಗಳ ನಡುವೆ ನುಸುಳಿಕೊಂಡು ಏದುಸಿರು ಬಿಡುತ್ತ ಮಹಡಿಗೆ ಬಂದರು. ಕೈಯಲ್ಲಿ ಒಂದು ಚೀಲ. ಅದನ್ನು ಮಂಚದ ಮೇಲೆ ಸುರಿದರು: ಎರಡು ತಟ್ಟೆ, ಎರಡು ಲೋಟ, ಒಂದು ಬೋಗುಣಿ, ಸೌಟು, ಹಿಡಿ ಸಡಿಲವಾದ ಬಾಣಲೆ. ಅಟ್ಟದಲ್ಲಿ ಎಷ್ಟು ಕಾಲದಿಂದ ಇದ್ದವೋ, ಎಲ್ಲದರ ಮೇಲೂ ಎಣ್ಣೆಗೆ ಅಂಟಿದ ಧೂಳು. ಒಂದು ಲೋಟದಿಂದ ಒಣಗಿದ ಹಲ್ಲಿಯ ಬಾಲ ಅವಳ ಹೊದಿಕೆಯ ಮೇಲೆ ಬಿತ್ತು.

"ಇದು ತಮ್ಮನ ಪಾಲಿಂದು" ಎಂದರು ಅತ್ತೆ. "ಬೇರೆ ಹೋಗೋಳನ್ನ ಬರಿಗೈಲಿ ಕಳಿಸಿದ್ರು ಅಂತ ನಾಳೆ ಯಾರೂ ಅನ್ನಬಾರದು. ಒಲೆ ಮಾತ್ರ ನಿಮ್ಮಪ್ಪನ್ನೇ ಕೇಳ್ಕೋ."

ಅವಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ನಗು ಬರಬೇಕಿತ್ತು, ಬರಲಿಲ್ಲ. ಮನೆ ಬೇರೆ ಮಾಡುತ್ತಿಲ್ಲ, ಒಲೆಯೂ ಬೇರೆಯಲ್ಲ, ಬೇರೆಯಾಗುವುದು ವೈ-ಫೈ ಒಂದೇ ಎಂದು ಎರಡೆರಡು ಸಲ ಹೇಳಿದಳು. ಅತ್ತೆಯ ಮುಖ ತಿಳಿಯಾಗುತ್ತ ಬಂದು, ತಟ್ಟನೆ ಮತ್ತೆ ಗಂಟಿಕ್ಕಿತು.

"ಅಂದ್ರೆ ತಮ್ಮನ್ನೇ ಭಾಗ ಮಾಡ್ತೀಯಾ?"

ಅವಳು ಹೊದಿಕೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿ, ಪಾತ್ರೆಗಳ ಸಮೇತ ಕೆಳಗೆ ಒಯ್ದು ತೊಳೆಯಲು ಹಾಕಿದಳು.

ಮಂಗಳವಾರವೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು: ರೂಟರಿನ ಯಾವ ತೂತಿಗೆ ಯಾವ ತಂತಿ, ಹತ್ತಕ್ಕೆ ಯಾವ ವಿಳಾಸ, ಇಪ್ಪತ್ತಕ್ಕೆ ಯಾವುದು, ಇಪ್ಪತ್ತು ಹೊರಗೆ ಹೋಗಬಹುದು, ಮನೆಯ ಕಡೆ ಹೋಗಬಾರದು, ಮನೆಯಿಂದ ಇಪ್ಪತ್ತಕ್ಕೆ ಬರಬಾರದು. ಅವಳು ಓದಿದ್ದು ಭೌತಶಾಸ್ತ್ರ. ಇದೇನೂ ಬೆಟ್ಟ ಅಗೆಯುವ ಕೆಲಸವಲ್ಲ. ಆದರೆ ರೂಟರಿನ ಸೆಟ್ಟಿಂಗ್ ಬದಲಿಸಲು ಬೇಕಾದ ಒಳಪಾಸ್‌ವರ್ಡು ಭಾವನ ಕೈಯಲ್ಲಿತ್ತು, ಮತ್ತು ಭಾವ ಅದನ್ನು ಹೇಳಿಕೊಡುವ ಪೈಕಿಯಲ್ಲ. ವಿದ್ಯುತ್ತಿಗೆ ಸಂಬಂಧಿಸಿದ್ದು ಏನೇ ಇರಲಿ, ಮನೆಯಲ್ಲಿ ಅದಕ್ಕೆ ಕೈ ಹಾಕಬೇಕಾದವನು ತಾನು ಎಂದು ಅವನ ಲೆಕ್ಕ. ಬುಧವಾರ ಊಟ ಮುಗಿಸಿ, ಹಲ್ಲುಕಡ್ಡಿ ಕಚ್ಚಿಕೊಂಡು, ತಾನೇ ಕೂತು ಮಾಡಿಸುತ್ತೇನೆ ಎಂದ.

ರೂಟರು ಟಿವಿಯ ಮೇಲಿನ ಗೂಡಿನಲ್ಲಿತ್ತು. ಅದನ್ನು ಎತ್ತಿದಾಗ ಕೆಳಗೆ ಕಪ್ಪು ಕಾಳಿನಂಥ ಹಿಕ್ಕೆ ಹರಡಿತ್ತು. ಭಾವ ಧೂಳು ಹೋಗಲೆಂದು ಪೆಟ್ಟಿಗೆಯನ್ನು ಮೇಜಿಗೆ ಒಂದು ಸಲ ಕುಟ್ಟಿದ. ಬೆಚ್ಚಗಿನ ಆ ಪೆಟ್ಟಿಗೆಯ ಸಂದಿಗಳಿಂದ ಜಿರಲೆಗಳು ಹೊರಬಂದವು. ಮೊದಲು ಮೀಸೆ, ಆಮೇಲೆ ಮೈ. ಮರಿಗಳು, ದೊಡ್ಡವು, ಹಿಂಬದಿಗೆ ಮೊಟ್ಟೆಚೀಲ ಅಂಟಿಸಿಕೊಂಡ ಒಂದು. ಓರಗಿತ್ತಿ ಚಪ್ಪಲಿ ಹಿಡಿದು ಓಡಿ ಬಂದಳು.

"ಅಯ್ಯೋ, ತಮ್ಮನೊಳಗೆ ಜಿರಲೆ ಮರಿ ಹಾಕಿದೆ ನೋಡ್ರೀ" ಎಂದಳು, ಒಂದನ್ನು ಹೊಸಕುತ್ತ.

ಚಿಕ್ಕ ಸೊಸೆ ಬಚ್ಚಲಿಗೆ ಹೋದಳು. ತಿಂದದ್ದೆಲ್ಲ ಹೊರಗೆ ಬಂತು. ಬಾಯಿ ಮುಕ್ಕಳಿಸಿ, ಮುಖ ತೊಳೆದು, ಹಿಂದಿರುಗಿ ಬಂದು ಲ್ಯಾಪ್‌ಟಾಪ್ ತೆರೆದಳು. ಗುರುವಾರ ಹನ್ನೊಂದು ಗಂಟೆ ಯಾರಿಗೂ ಕಾಯುವುದಿಲ್ಲ.

ಭಾವ ಒಂದು ಕೈ ಅಡ್ಡ ಹಿಡಿದು, ಮನೆಗೆಲ್ಲ ಗೊತ್ತಿರುವ ಅದೇ ತಾರೀಖನ್ನು ಗುಟ್ಟಾಗಿ ಒತ್ತಿದ. ಆಮೇಲೆ ಅವಳ ಭುಜದ ಹಿಂದೆ ನಿಂತು ಉಸಿರಾಡಿದ. ಊಟದ ಉಸಿರು. ಹಲ್ಲುಕಡ್ಡಿಯ ತುದಿಯಿಂದ ಪರದೆಯನ್ನು ಮುಟ್ಟಿ, ಇದು ಮಾಡು, ಅದು ಬೇಡ ಎಂದು ಹೇಳುತ್ತಿದ್ದ. ಪರದೆಯ ಮೇಲೆ ತೇವದ ಚುಕ್ಕೆಗಳು ಬಿದ್ದವು. ಅವಳು ಹಾಳೆ ನೋಡಿಕೊಂಡು ಒಂದೊಂದೇ ಸಾಲು ತುಂಬಿದಳು. ಮಹಡಿಯ ವೈ-ಫೈ ಪೆಟ್ಟಿಗೆಗೆ ಹೋಗುವ ತಂತಿ ಎಷ್ಟನೇ ತೂತು ಎಂಬಲ್ಲಿ ಭಾವ, ಮೂರು, ಮೂರನೇದು ಎಂದು ಕಡ್ಡಿಯಿಂದ ಕುಟ್ಟಿದ. ಅವನು ಎಣಿಸಿದ್ದು ಎಡದಿಂದ, ಪೆಟ್ಟಿಗೆಯ ಮೇಲೆ ನಂಬರು ಹಾಕಿದ್ದು ಬಲದಿಂದ. ಆ ಉಸಿರಿನಿಂದ ಬೇಗ ಪಾರಾದರೆ ಸಾಕೆಂದು ಅವಳೂ ತಿರುಗಿಸಿ ನೋಡದೆ ಒತ್ತಿದಳು. ಮೂರನೆಯದರಲ್ಲಿ ಇದ್ದದ್ದು ಅವಳದೇ ಲ್ಯಾಪ್‌ಟಾಪಿನ ತಂತಿ. ಚೀಟಿಯಿಲ್ಲದ ಲ್ಯಾಪ್‌ಟಾಪನ್ನು ರೂಟರು ಹೊರಗಿಟ್ಟಿತು, ಪುಟ ನಿಂತಿತು. ತನ್ನ ಬಾಗಿಲನ್ನು ಹೊರಗೆ ನಿಂತು ತಾನೇ ಹಾಕಿಕೊಂಡಂತಾಯಿತು.

ಇನ್ನೊಂದು ತೂತಿನಿಂದ ಒಳಗೆ ಹೋಗಬಹುದು, ತಡೀರಿ ಎಂದು ಅವಳು ಹೇಳುವುದರೊಳಗೆ ಭಾವ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು, ರೂಟರಿನ ಹಿಂದಿನ ರೀಸೆಟ್ ಗುಂಡಿಯ ಸಣ್ಣ ತೂತಿನೊಳಗೆ ಚುಚ್ಚಿ ಹಿಡಿದ. ಅಂಗಡಿಯಲ್ಲಿ ಇನ್ವರ್ಟರು ಮುಷ್ಕರ ಹೂಡಿದರೆ ಅವನು ಮಾಡುವುದೇ ಅದು. ದೀಪಗಳು ಒಮ್ಮೆಗೇ ಆರಿದವು. ಕಿತ್ತಳೆ ಬಣ್ಣದ ಒಂದು ದೀಪ ಮಾತ್ರ ಮತ್ತೆ ಹೊತ್ತಿತು.

"ರೀ, ತಮ್ಮ ಹೋದ" ಎಂದಳು ಓರಗಿತ್ತಿ ಅಡುಗೆಮನೆಯಿಂದ.

ಭಾವ ಫೋನು ತೆಗೆದು ಪಟ್ಟಿ ನೋಡಿದ. ಕಾರ್ಖಾನೆ ಇಟ್ಟ ಯಾವುದೋ ಹೆಸರು, ಉದ್ದದ ನಂಬರು. ಅಕ್ಕಪಕ್ಕದ ಮನೆಯವರ ಎರಡು. ಮತ್ತೆ ಮೇಲಿನಿಂದ ಎಳೆದು ನೋಡಿದ. "ಇಲ್ಲೇ ಇದ್ನಲ್ಲ" ಎಂದ. ಕುರ್ಚಿ ಎಳೆದು ಕೂತ. ಅವನ ಕೆನ್ನೆ ಜೋತಿತ್ತು, ಕೆಳತುಟಿಗೆ ಕಡ್ಡಿಯ ಚೂರು ಅಂಟಿತ್ತು. ಅವಳಿಗೆ ಒಂದು ಕ್ಷಣ ಪಾಪ ಎನ್ನಿಸಿತು. ಆ ಚೂರನ್ನು ಕಂಡು ಅದೂ ಹೋಯಿತು.

ಹಾಳೆ ಇದೆ ಭಾವ, ಕಾಲು ಗಂಟೆಯಲ್ಲಿ ಎಲ್ಲ ಮತ್ತೆ ಹಾಕಬಹುದು ಎಂದಳು.

"ಹಾಕು. ಮೊದಲು ಹೆಸರು ಹಾಕು. ಅದೇ ಹೆಸರು, ಅದೇ ತಾರೀಖು."

"ಬೇಡ."

"ಏನು ಬೇಡ?"

"ಆ ಹೆಸರು ಬೇಡ ಭಾವ."

ಭಾವ ಎದ್ದು ನಿಂತ. ಅವನು ಕೂಗಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ಈ ಮನೇಲಿ ದಿನಕ್ಕೆ ಹತ್ತು ಸಲ ಅವನ ಹೆಸರು ಬರುತ್ತೆ. ಅದೂ ಇಲ್ದಿದ್ರೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ? ಒಂದು ವರ್ಷದಿಂದ ನಿನ್ನ ಬಾಯಲ್ಲಿ ಅವನ ಹೆಸರು ಕೇಳಿಲ್ಲ ನಾನು."

ಮಾತು ನೆಟ್ಟಗೆ ತಾಗಿತು. ಅದು ನಿಜವಾಗಿತ್ತು. ಅವಳು ಲ್ಯಾಪ್‌ಟಾಪಿನ ಪರದೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

"ಹೊಲಸು ನಳಿಕೆಗೆ ಕೈ ಹಾಕಿದೋನೂ ಹೇಳ್ತಾನೆ ಭಾವ. ನಾನು ಹೇಳ್ದಿದ್ರೆ ಏನಾಯ್ತು? ಈಗ ಅಕ್ಕ ಜಿರಲೆ ಹೊಡೀತಾ ಏನಂದ್ರು, ನೀವು ಕೇಳಿಸ್ಕೊಂಡ್ರಾ? ಯಾವುದರೊಳಗೆ ಮರಿ ಹಾಕಿದೆ ಅಂದ್ರು?"

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಭಾವನ ಮುಖದಲ್ಲಿ ಆ ಮಾತು ಹದಿನಾಲ್ಕು ತಿಂಗಳ ಬಳಿಕ ಮೊದಲ ಸಲ ಕಿವಿಗೆ ಬಿದ್ದವನ ಗಲಿಬಿಲಿ ಕಾಣಿಸಿತು. ಮರುಕ್ಷಣ ಅವನು ಗೋಡೆಯಿಂದ ರೂಟರಿನ ಅಡಾಪ್ಟರನ್ನು ಕಿತ್ತು ಅಂಗಿಯ ಜೇಬಿಗೆ ತುರುಕಿಕೊಂಡ. ಆ ಹೆಸರು ಇಡಲು ಒಪ್ಪುವ ತನಕ ಈ ಮನೆಯಲ್ಲಿ ಯಾವ ವೈ-ಫೈಯೂ ಬೇಡ ಎಂದು ಹೇಳಿ, ಜೇಬಿನಿಂದ ತಂತಿ ಜೋತಾಡಿಸಿಕೊಂಡೇ ಅಂಗಡಿಗೆ ಹೋದ.

ಆ ಸಂಜೆ ಮನೆ ಬಿಮ್ಮೆಂದಿತ್ತು. ಓರಗಿತ್ತಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಒಂದು ಹೆಸರಿಗೆ ಇಷ್ಟು ರಂಪವಾ ಎಂದು ಗೋಡೆಗೆ ಹೇಳಿದಳು. ಅತ್ತೆ ಧಾರಾವಾಹಿ ಇಲ್ಲದೆ ಟಿವಿಯ ಕಪ್ಪು ಪರದೆಯ ಎದುರು ಕೂತೇ ಇದ್ದರು.

ಗುರುವಾರ ಒಂಬತ್ತೂವರೆಗೆ ಭಾವ ಹೊರಟ. ಅಡಾಪ್ಟರು ಇನ್ನೂ ಅವನ ಹತ್ತಿರವೇ ಇತ್ತು. ಅಂಥದ್ದನ್ನು ತರಲು ಪೇಟೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಚಿಕ್ಕ ಸೊಸೆ ರೂಟರಿನ ತಳದ ಚೀಟಿ ಓದಿದಳು: ಕಾರ್ಖಾನೆಯ ಒಳಪಾಸ್‌ವರ್ಡು, ಹನ್ನೆರಡು ವೋಲ್ಟ್. ಮೆಟ್ಟಿಲು ಹತ್ತುವಾಗ, ದಿನವೂ ಸೊಂಟ ಬಳುಕಿಸಿ ದಾಟುತ್ತಿದ್ದ ರಟ್ಟಿನ ಪೆಟ್ಟಿಗೆಗಳ ಮೇಲಿನ ಚಿತ್ರವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಂಗೈ ಅಗಲದ ಬ್ಯಾಟರಿ. ಕರೆಂಟ್ ಹೋದಾಗ ವೈ-ಫೈ ನಿಲ್ಲದಿರಲಿ ಎಂದು ಜನ ಕೊಳ್ಳುವಂಥದ್ದು. ಹನ್ನೆರಡು ವೋಲ್ಟ್, ತಂತಿಯೂ ಜೊತೆಗೇ.

ಅವಳು ಉಗುರಿನಿಂದ ಅಂಟುಪಟ್ಟಿ ಸೀಳಿದಳು. ಕೆಳಗಿಳಿದು ಬಂದಾಗ ಅತ್ತೆ ಅವಳ ಕೈ ನೋಡಿದರು.

"ಅವನ ಮಾಲು ತಾನೇ ಅದು?"

"ಹೂಂ ಅತ್ತೆ."

"ಕೇಳಿದ್ಯಾ?"

"ಇಲ್ಲ."

ಅತ್ತೆ ಬೀದಿಯ ಕಡೆ ಇಣುಕಿದರು. ಮತ್ತೆ, "ದೊಡ್ಡೋಳು ತರಕಾರಿಗೆ ಹೋಗಿದಾಳೆ. ಅವಳು ಬರೋದರೊಳಗೆ ಮುಗಿಸು" ಎಂದು, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಹಾಕಿಕೊಂಡು ಕೂತರು.

ಅವಳು ರೂಟರಿನ ಸಂದಿಗಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದಳು. ಒಳಗಿನಿಂದ ರೆಕ್ಕೆಯ ಚೂರು, ಕಾಲು, ಕಂದುಬಣ್ಣದ ಮೊಟ್ಟೆಚೀಲಗಳು ಉದುರಿದವು. ಕಾಗದದಲ್ಲಿ ಸುತ್ತಿ ಹೊರಗೆ ಎಸೆದು ಬಂದು ಕೈ ಮೂರು ಸಲ ತೊಳೆದಳು. ಬ್ಯಾಟರಿ ಸೇರಿಸಿದಾಗ ದೀಪ ಹತ್ತಿತು. ಈ ಸಲ ತೂತುಗಳನ್ನು ಬಲದಿಂದ ಎಣಿಸಿದಳು. ಮಹಡಿಯ ತಂತಿಗೆ ಎರಡೂ ಚೀಟಿ, ಟಿವಿಗೆ ಹತ್ತು ಮಾತ್ರ. ತನ್ನ ವೈ-ಫೈಗೆ ಇಪ್ಪತ್ತು ಎಂದೇ ಹೆಸರಿಟ್ಟಳು. ಮನೆಯದಕ್ಕೆ ಮನೆ ಎಂದು. ಪಾಸ್‌ವರ್ಡಿಗೆ ಕಣ್ಣು ಮುಚ್ಚಿ ಕೀಲಿಗಳನ್ನು ಸಿಕ್ಕ ಹಾಗೆ ಒತ್ತಿದಳು. ಮುಗಿಯುವಾಗ ಹನ್ನೊಂದಕ್ಕೆ ಏಳು ನಿಮಿಷ.

ಫೋನ್ ಮಾಡಿದವಳು ಸಣ್ಣ ದನಿಯ, ಅವಸರದ ಹೆಂಗಸು. ನಂಬರುಗಳನ್ನು ಕೇಳಿ ಬರೆದುಕೊಂಡಳು. ಈಗ ಅಲ್ಲಿಂದ ಮನೆಯ ಟಿವಿಯನ್ನು ಕರೆದು ನೋಡಿ ಎಂದಳು. ಚಿಕ್ಕ ಸೊಸೆ ಟಿವಿಯ ವಿಳಾಸ ಒತ್ತಿ ಕಾದಳು.

"ಉತ್ತರ ಇಲ್ಲ."

"ಕ್ಯಾಮೆರಾ?"

"ಉತ್ತರ ಇಲ್ಲ."

"ಒಳ್ಳೇದು. ಉತ್ತರ ಬರಬಾರದು. ಆಯ್ತು, ಕೆಲಸ ಮುಂದುವರಿಸಿ." ಅಷ್ಟೇ. ಆಚೆ ಕಡೆ ಆಗಲೇ ಇನ್ನೊಬ್ಬರ ಫೋನು ಬಡಿದುಕೊಳ್ಳುತ್ತಿತ್ತು.

ಒಂದು ಗಂಟೆಗೆ ಭಾವ ಊಟಕ್ಕೆ ಬಂದ. ಮಿನುಗುವ ದೀಪ ನೋಡಿದ, ಅದರ ಪಕ್ಕದಲ್ಲಿದ್ದ ತನ್ನ ಬ್ಯಾಟರಿ ನೋಡಿದ. ಅತ್ತೆ, ಅದನ್ನ ನಾನೇ ತೆಗಿಸಿದ್ದು ಎಂದರು, ಯಾರೂ ಕೇಳದಿದ್ದರೂ. ಅವನು ಫೋನು ತೆಗೆದು ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಪಾಸ್‌ವರ್ಡ್ ಗೊತ್ತಿಲ್ಲದೆ ಈ ಮನೆಯಲ್ಲಿ ಅವನು ಕೂತದ್ದು ಅದೇ ಮೊದಲು. ಜೇಬಿನಿಂದ ಅಡಾಪ್ಟರು ತೆಗೆದು ಮೇಜಿನ ಮೇಲಿಟ್ಟ.

"ಹೇಳು" ಎಂದ.

ಅವಳು ರಟ್ಟಿನ ಚೂರೊಂದರ ಮೇಲೆ ಬರೆದುಕೊಟ್ಟಳು. ಹನ್ನೆರಡು ಅಕ್ಷರ. ಅವನು ತುಟಿಯಾಡಿಸುತ್ತ ಓದಿದ.

"ಏನಿದು? ಅರ್ಥ ಏನು?"

"ಅರ್ಥ ಇಲ್ಲ ಭಾವ."

"ಕೊನೇಲಿ ತಾರೀಖು?"

"ಇಲ್ಲ."

ಅವನು ಎರಡು ಸಲ ತಪ್ಪು ಒತ್ತಿದ. ಮೂರನೆಯ ಸಲ ಅವಳು ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ಹೇಳಿಕೊಟ್ಟಳು. ಒಳಗೆ ಹೋದ ಮೇಲೆ ಅವನು ಅಮ್ಮನ ಟ್ಯಾಬ್ ಎಳೆದುಕೊಂಡು ಅದರಲ್ಲೂ ಒತ್ತತೊಡಗಿದ, ಬೆರಳು ನೆಕ್ಕಿ ನೆಕ್ಕಿ. ಬೆವರು, ಊಟ, ಬ್ಯಾಟರಿಯ ಆಮ್ಲದ ಹುಳಿವಾಸನೆ ಎಲ್ಲ ಸೇರಿ ಬಂತು. ಗೆದ್ದೆ ಎಂದು ಅನ್ನಿಸಬಹುದೇನೋ ಎಂದು ಅವಳು ಒಂದು ಗಳಿಗೆ ಕಾದಳು. ಹೇಸಿಗೆಯೇ ಅನ್ನಿಸಿತು, ಆದರೆ ಈಗ ಅದು ಒಬ್ಬ ಮನುಷ್ಯನ ಮೈವಾಸನೆಯಷ್ಟೇ ದೊಡ್ಡದಿತ್ತು. ಅಷ್ಟಾದರೆ ಸಹಿಸಬಹುದು.

ಮಹಡಿಗೆ ಬಂದು ಬಾಗಿಲು ಹಾಕಿಕೊಂಡಳು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ವೈದ್ಯರೊಬ್ಬರು ಗಂಟಲಿನ ಕಫವನ್ನು ದೀರ್ಘವಾಗಿ ಸರಿಮಾಡಿಕೊಂಡು, ಐವತ್ತೆರಡು ವರ್ಷದ ಗಂಡಸು, ಹೊಟ್ಟೆನೋವು, ಮೂರು ದಿನದಿಂದ ಎಂದು ಶುರುಮಾಡಿದರು. ಅವಳು ಕಫವನ್ನು ಬಿಟ್ಟು ಉಳಿದದ್ದನ್ನು ಬರೆದಳು.